ದೊಡ್ಡಪ್ಪನ ಬಾಟಲಿ ಮತ್ತು ಸರ್ಟ್-6: ಶಿಡ್ಲಘಟ್ಟದ ಒಂದು ಪ್ರಕರಣ

ಕಳೆದ ಡಿಸೆಂಬರ್‌ನಲ್ಲಿ, ಅವರೆಕಾಯಿ ಕಾಲದಲ್ಲಿ, ನಮ್ಮ ದೊಡ್ಡಪ್ಪನ ಬಲಗೈ ತೋರುಬೆರಳಿಗೆ ಒಂದು ಸುಟ್ಟ ಗುಳ್ಳೆ ಎದ್ದಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಇದು ದೊಡ್ಡ ವಿಷಯವಲ್ಲ. ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುವವರ ಬೆರಳು ಸುಡುತ್ತದೆ, ಒಣಗುತ್ತದೆ, ಮತ್ತೆ ಸುಡುತ್ತದೆ. ದೊಡ್ಡಪ್ಪ ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಈ ಸಲ ಮಾತ್ರ ಗುಳ್ಳೆ ಒಡೆದು ಗಾಯವಾಯಿತು. ಸಂಕ್ರಾಂತಿ ಬಂದರೂ ಗಾಯ ಒಣಗಲಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಎಂಎಸ್‌ಸಿ ಓದುವಾಗ ಒಂದು ವರ್ಷ, ವಯಸ್ಸಾಗುವ ಕೋಶಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದೆ. ಹಾಗಾಗಿ ದೊಡ್ಡಪ್ಪನ ಮನೆಯ ಕಪಾಟಿನಲ್ಲಿ ಸರ್ಟ್-6 ಎಂದು ಬರೆದ ಬಾಟಲಿ ನೋಡಿದಾಗ ನನಗೆ ಎದೆ ಧಸಕ್ ಅಂತು. ನಾನು ಇಷ್ಟಪಟ್ಟು ಓದಿದ ಒಂದು ಪ್ರೋಟೀನಿನ ಹೆಸರು ಅಲ್ಲಿತ್ತು. ಅದರ ಪಕ್ಕದಲ್ಲೇ, ಮೂರು ತಿಂಗಳಿಂದ ಮುಟ್ಟದ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು.

ದೊಡ್ಡಪ್ಪನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು.

ನಡೆದದ್ದು

ಅವರಿಗೆ 67 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎರಡು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕಳೆದ ಜುಲೈನಲ್ಲಿ ಮಾಡಿಸಿದ ಎಚ್‌ಬಿಎ1ಸಿ, ಅಂದರೆ ಕೆಲವು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ, 7.2 ಇತ್ತು. ಅವರ ವಯಸ್ಸಿಗೆ ಡಾಕ್ಟರು ಅದನ್ನು ಪರವಾಗಿಲ್ಲ ಅಂದಿದ್ದರು.

ಗೌರಿ ಹಬ್ಬ ಕಳೆದ ಮೇಲೆ ಒಂದು ಕಲ್ಯಾಣ ಮಂಟಪದಲ್ಲಿ 'ಆರೋಗ್ಯ ಸಭೆ' ನಡೆಯಿತು. ಉಚಿತವಾಗಿ ಬಿಪಿ ನೋಡಿದರು, ತಿಂಡಿ ಕೊಟ್ಟರು. ಆಮೇಲೆ ಕೋಟು ಹಾಕಿಕೊಂಡ ಒಬ್ಬರು ಪರದೆಯ ಮೇಲೆ ಎರಡು ಇಲಿಗಳ ಚಿತ್ರ ತೋರಿಸಿದರು. ಒಂದು ಗೂನು ಬೆನ್ನಿನ ಇಲಿ, ಇನ್ನೊಂದು ಹೊಳಪಿನ ಇಲಿ. 'ಎರಡಕ್ಕೂ ಒಂದೇ ವಯಸ್ಸು, ವ್ಯತ್ಯಾಸ ಸರ್ಟ್-6 ಒಂದೇ' ಅಂದರು. ದೊಡ್ಡಪ್ಪ ಗೂಡು ಮಾರುಕಟ್ಟೆಗೆ ಅಂತ ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಮೂರು ಬಾಟಲಿ ಕೊಂಡರು. ಒಂದಕ್ಕೆ 3,800 ರೂಪಾಯಿ. ಡಿಸೆಂಬರ್‌ನಲ್ಲಿ ಫೋನು ಮಾಡಿ ಇನ್ನೂ ಮೂರು ತರಿಸಿದರು.

ಮಾತ್ರೆ ನಿಲ್ಲಿಸಿ ಎಂದು ಬಾಟಲಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದರಂತೆ: 'ಇದು ಬೇರಿಂದ ಕೆಲಸ ಮಾಡುತ್ತೆ ಯಜಮಾನ್ರೇ, ಬೇರೆ ಮಾತ್ರೆ ಮೆಲ್ಲಗೆ ಬಿಡಬಹುದು.' ಆಯುಧ ಪೂಜೆ ಹೊತ್ತಿಗೆ ದೊಡ್ಡಪ್ಪ ಪೂರ್ತಿ ಬಿಟ್ಟರು.

ನವೆಂಬರ್‌ನಲ್ಲಿ ಅವರು ನಾಲ್ಕು ಕಿಲೋ ಇಳಿದರು. 'ಹೊಟ್ಟೆ ಕರಗಿದೆ ನೋಡಮ್ಮ' ಅಂತ ಫೋನಿನಲ್ಲಿ ಖುಷಿಯಿಂದ ಹೇಳಿದ್ದರು. ನನಗೂ ಹೊಳೆಯಲಿಲ್ಲ. ರಾತ್ರಿ ಮೂರ್ನಾಲ್ಕು ಸಲ ಏಳುತ್ತಾರೆ, ಚೊಂಬುಗಟ್ಟಲೆ ನೀರು ಕುಡಿಯುತ್ತಾರೆ ಎಂದು ದೊಡ್ಡಮ್ಮ ಹೇಳಿದ್ದರೆ ತಿಳಿಯುತ್ತಿತ್ತು. ಅವರನ್ನು ನಾನು ಕೇಳಿರಲಿಲ್ಲ. ಸಕ್ಕರೆ ಜಾಸ್ತಿಯಾದಾಗ ಮೈ ಇಳಿಯುವುದು ಗುಣವಾಗುವ ಗುರುತಲ್ಲ. ಆದರೆ ಬಾಟಲಿ ನಂಬಿದವರಿಗೆ ಅದೇ ಸಾಕ್ಷಿಯಾಗಿ ಕಂಡಿತು.

ಸಂಕ್ರಾಂತಿ ಮಾರನೇ ದಿನ ಬೆರಳು ನೋಡಿದೆ, ಕಪಾಟು ನೋಡಿದೆ. ಅವತ್ತೇ ಆಸ್ಪತ್ರೆಗೆ ಹೋದೆವು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 218, ಎಚ್‌ಬಿಎ1ಸಿ 9.6. ಡಾಕ್ಟರು ಗಾಯ ತೊಳೆದು, ಹಳೆಯ ಮಾತ್ರೆ ಮತ್ತೆ ಶುರುಮಾಡಿ, ಗೂಡು ಬೇಯುವ ಬಿಸಿನೀರಿನ ಬೇಸಿನ್ ಹತ್ತಿರ ಹೋಗಬೇಡಿ ಅಂದರು.

ವಾಪಸು ಬರುವಾಗ ಕಾರಿನಲ್ಲಿ ನಾನು ಬೈದೆ. ಮೋಸ ಹೋಗಿದ್ದೀರಿ, ಇದೆಲ್ಲ ಸುಳ್ಳು ಅಂದೆ. ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಹತ್ತು ದಿನ ನನ್ನ ಫೋನು ತೆಗೆಯಲಿಲ್ಲ. ಮಾತ್ರೆಯ ಜತೆಗೆ ಆ ಕ್ಯಾಪ್ಸೂಲೂ ನುಂಗುತ್ತಿದ್ದಾರೆ ಎಂದು ದೊಡ್ಡಮ್ಮ ಹೇಳಿದರು. ನನ್ನ ತಪ್ಪು ಎಲ್ಲಿದೆ ಎಂದು ಆಗ ಅರ್ಥವಾಯಿತು. 'ಎಲ್ಲ ಸುಳ್ಳು' ಅಂದಿದ್ದೆನಲ್ಲ, ಅದೇ ನಿಜವಲ್ಲ. ಸರ್ಟ್-6 ಸುಳ್ಳಲ್ಲ. ಆ ಇಲಿಗಳೂ ಸುಳ್ಳಲ್ಲ. ದೊಡ್ಡಪ್ಪ ಕಣ್ಣಾರೆ ನೋಡಿದ ಚಿತ್ರವನ್ನು ನಾನು ಇಲ್ಲ ಅಂದರೆ ನನ್ನನ್ನು ಯಾಕೆ ನಂಬಬೇಕು? ಆ ಇಲಿಗೆ ಏನಾಯಿತು, ಅದಕ್ಕೂ ಈ ಬಾಟಲಿಗೂ ಎಷ್ಟು ದೂರ ಎಂದು ಹೇಳಬೇಕಿತ್ತು. ಮುಂದಿನ ಭಾನುವಾರ ಶಿಡ್ಲಘಟ್ಟಕ್ಕೆ ಹೋಗಿ, ನೂಲು ತೆಗೆಯುವ ಶೆಡ್ಡಿನಲ್ಲಿ ಕೂತೆ.

ಶೆಡ್ಡಿನಲ್ಲಿ ಮಾತು

'ಓದಿದವಳು ನೀನು, ಹೇಳು. ಆ ಸರ್ಟು ಅಂದ್ರೆ ಏನು?' ಅಂದರು.

ಒಂದು ಒಳ್ಳೆಯ ಬಿಳಿ ಗೂಡಿನಲ್ಲಿ ಸುಮಾರು 1000 ಮೀಟರ್ ಎಳೆ ಇರುತ್ತದೆ. ಅದು ದೊಡ್ಡಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಒಂದೊಂದು ಕೋಶದೊಳಗೂ ಅಂಥ ಎಳೆ ಇದೆ ಎಂದೆ. ಅದೇ ಡಿಎನ್‌ಎ. ಬಿಡಿಸಿ ಇಟ್ಟರೆ ಸುಮಾರು ಎರಡು ಮೀಟರ್. ಕಣ್ಣಿಗೆ ಕಾಣದ ಕೋಶದೊಳಗೆ ಅಷ್ಟುದ್ದ ಹಿಡಿಯಬೇಕಲ್ಲ, ಅದಕ್ಕೆ ಹಿಸ್ಟೋನ್ ಎಂಬ ಸಣ್ಣ ಸಣ್ಣ ಉರುಳೆಗಳ ಮೇಲೆ ಸುತ್ತಿರುತ್ತದೆ. ಒಂದು ಉರುಳೆಗೆ ಪೂರ್ತಿ ಎರಡು ಸುತ್ತೂ ಇಲ್ಲ, 147 ಅಕ್ಷರದಷ್ಟು ಎಳೆ. ಬಿಗಿಯಾಗಿ ಸುತ್ತಿದ ಕಡೆ ಜೀನುಗಳು ಸುಮ್ಮನಿರುತ್ತವೆ. ಸಡಿಲವಾದ ಕಡೆ ಓದಿಸಿಕೊಳ್ಳುತ್ತವೆ.

ಬಿಗಿ ಮಾಡುವುದೋ ಸಡಿಲ ಮಾಡುವುದೋ ಎಂದು ತೀರ್ಮಾನಿಸುವುದಕ್ಕೆ ಉರುಳೆಯ ಬಾಲಕ್ಕೆ ಸಣ್ಣ ಚೀಟಿಗಳನ್ನು ಅಂಟಿಸಿರುತ್ತದೆ ಕೋಶ. ಅಸಿಟೈಲ್ ಎಂಬ ಚೀಟಿ ಇದ್ದರೆ ಸುತ್ತು ಸಡಿಲ. ಸರ್ಟ್-6 ಮಾಡುವ ಒಂದು ಮುಖ್ಯ ಕೆಲಸ ಆ ಚೀಟಿಯನ್ನು ಕಿತ್ತು ಸುತ್ತು ಬಿಗಿ ಮಾಡುವುದು. ಒಂದು ಚೀಟಿ ಕೀಳಲು ಎನ್‌ಎಡಿ ಎಂಬ ಒಂದು ಅಣು ಖರ್ಚಾಗುತ್ತದೆ. ಊಟದಿಂದ ಶಕ್ತಿ ತೆಗೆಯುವ ಕೆಲಸಕ್ಕೂ ಕೋಶಕ್ಕೆ ಇದೇ ಅಣು ಬೇಕು.

ಈ ಪ್ರೋಟೀನುಗಳ ಕುಟುಂಬಕ್ಕೆ ಸರ್ಟುಯಿನ್ ಎಂದು ಹೆಸರು. ಕಥೆ ಶುರುವಾಗಿದ್ದು ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಅಮರ್ ಕ್ಲಾರ್ ಮತ್ತು ಜತೆಗಾರರು 1979ರಲ್ಲಿ ವರದಿ ಮಾಡಿದ ಒಂದು ಯೀಸ್ಟ್ ಜೀನೇ ಮುಂದೆ ಸರ್-2 ಎಂದು ಹೆಸರಾಯಿತು. 1999ರಲ್ಲಿ ಲೆನರ್ಡ್ ಗ್ವಾರೆಂಟೆ ಅವರ ಲ್ಯಾಬು ಯೀಸ್ಟಿಗೆ ಸರ್-2ರ ಒಂದು ಪ್ರತಿ ಜಾಸ್ತಿ ಕೊಟ್ಟಿತು. ಆ ಯೀಸ್ಟಿನ ಆಯುಷ್ಯ ಸುಮಾರು 30 ಪ್ರತಿಶತ ಹೆಚ್ಚಿತು. ನಮ್ಮಲ್ಲಿ ಇಂಥವು ಏಳಿವೆ, ಸರ್ಟ್-1ರಿಂದ ಸರ್ಟ್-7. ಹೆಸರೆಲ್ಲ ಸರ್ಟ್-1ಕ್ಕೇ ಹೋಯಿತು, ದುಡ್ಡೂ ಅದರ ಹಿಂದೆಯೇ ಹೋಯಿತು. 2008ರಲ್ಲಿ ಒಂದು ದೊಡ್ಡ ಔಷಧ ಕಂಪನಿ, ಸರ್ಟ್-1 ಮಾತ್ರೆ ಮಾಡಲು ಹೊರಟಿದ್ದ ಚಿಕ್ಕ ಕಂಪನಿಯನ್ನು 72 ಕೋಟಿ ಡಾಲರಿಗೆ ಕೊಂಡಿತು. ಆ ಮಾತ್ರೆ ಇವತ್ತಿಗೂ ಅಂಗಡಿಗೆ ಬಂದಿಲ್ಲ. ಅಷ್ಟೂ ಹೊತ್ತು ಸರ್ಟ್-6 ನೆರಳಿನಲ್ಲಿತ್ತು. ನನ್ನ ಪ್ರಕಾರ ವಯಸ್ಸಾಗುವ ವಿಷಯದಲ್ಲಿ ಏಳರಲ್ಲಿ ನಿಜವಾಗಿ ನೋಡಬೇಕಾದ್ದು ಅದೇ.

ಯಾಕೆ ಅನ್ನುವುದಕ್ಕೆ ದೊಡ್ಡಪ್ಪನ ಶೆಡ್ಡಿನಲ್ಲೇ ಉದಾಹರಣೆ ಸಿಕ್ಕಿತು. ಅವತ್ತು ಇಬ್ಬರು ಹೆಂಗಸರು ಬಂದಿರಲಿಲ್ಲ. ಒಬ್ಬ ಹುಡುಗ ಎರಡು ಬೇಸಿನ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಎಳೆ ಹರಿಯಿತು ಅಂತ ಓಡಿದರೆ ಇಲ್ಲಿ ಗೂಡು ಸಿಕ್ಕು ಹಾಕಿಕೊಳ್ಳುತ್ತಿತ್ತು. ಇಲ್ಲಿ ಬಂದರೆ ಅಲ್ಲಿ ಹರಿಯುತ್ತಿತ್ತು.

ಸರ್ಟ್-6ರ ಪಾಡೂ ಹಾಗೇ. ಅದಕ್ಕೆ ಒಂದು ಕೆಲಸ ಅಲ್ಲ. ಡಿಎನ್‌ಎ ಎಳೆಯ ತುದಿಗಳಲ್ಲಿ, ಅಂದರೆ ಟೆಲೊಮಿಯರ್‌ಗಳಲ್ಲಿ, ಕೂತು ಸುತ್ತು ಬಿಗಿಯಾಗಿಡುತ್ತದೆ. 2008ರಲ್ಲಿ ಕ್ಯಾಟ್ರಿನ್ ಚುವಾ ಅವರ ಗುಂಪು ಮನುಷ್ಯರ ಕೋಶಗಳಲ್ಲಿ ಸರ್ಟ್-6 ಇಲ್ಲದಂತೆ ಮಾಡಿ ನೋಡಿತು. ತುದಿಗಳು ಒಂದಕ್ಕೊಂದು ಅಂಟಿಕೊಂಡವು. ಕೋಶಗಳು ಬೇಗ ಮುದಿಯಾದವು. ಚಿಕ್ಕ ವಯಸ್ಸಿಗೇ ಮುಪ್ಪು ತರುವ ವರ್ನರ್ ಎಂಬ ಕಾಯಿಲೆಯಲ್ಲಿ ಕಾಣುವ ಹಾಗೇ ಇತ್ತು ಅದು. ಇನ್ನೊಂದು ಕೆಲಸ, ಡಿಎನ್‌ಎಯಲ್ಲಿ ಅಡಗಿ ಕೂತಿರುವ ಹಾರುವ ಜೀನುಗಳನ್ನು ಸುಮ್ಮನಿರಿಸುವುದು. ಅವು ಎದ್ದರೆ ತಮ್ಮ ನಕಲು ಮಾಡಿ ಬೇರೆ ಕಡೆ ತೂರಿಕೊಳ್ಳುತ್ತವೆ. ಮೂರನೆಯದು ತುರ್ತು ಕೆಲಸ. ಡಿಎನ್‌ಎಯ ಜೋಡಿ ಎಳೆಗಳೆರಡೂ ತುಂಡಾದರೆ ಮೊದಲು ಓಡಿಬರುವವರಲ್ಲಿ ಸರ್ಟ್-6 ಒಂದು. ಬಂದು, ಉರುಳೆಯ ಸುತ್ತು ಬಿಡಿಸುವವರನ್ನು ಕರೆಯುತ್ತದೆ, ಗಂಟು ಹಾಕುವವರನ್ನು ಚುರುಕು ಮಾಡುತ್ತದೆ.

ವಯಸ್ಸಾದಂತೆ ತುಂಡಾಗುವುದು ಜಾಸ್ತಿ. ಸರ್ಟ್-6 ಹಾರುವ ಜೀನುಗಳ ಕಾವಲು ಬಿಟ್ಟು ತುಂಡಾದ ಕಡೆಗೆ ಓಡುತ್ತದೆ. ಕಾವಲಿಲ್ಲದ ಕಡೆ ಆ ಜೀನುಗಳು ಏಳುತ್ತವೆ. ಅವು ಎದ್ದರೆ ಮತ್ತಷ್ಟು ತುಂಡು. 2014ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದ್ದಾರೆ. ನಾನು ಓದಿದ ಎಷ್ಟೋ ವಿವರಣೆಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಇದು. ಮುಪ್ಪು ಅಂದರೆ ಯಾವುದೋ ಒಂದು ಸ್ವಿಚ್ಚು ಆಫ್ ಆಗುವುದಲ್ಲ. ಆಳು ಅದೇ, ಕೆಲಸ ಹೆಚ್ಚಿದೆ.

ದೊಡ್ಡಪ್ಪ ಹುಡುಗನ ಕಡೆ ನೋಡಿದರು. 'ಅವನಿಗೆ ಎರಡು ಕೈ ತಾನೆ ಇರೋದು' ಅಂದರು.

ಲ್ಯಾಬಿನಲ್ಲಿ ನಾನು ಕಣ್ಣಾರೆ ನೋಡಿದ್ದನ್ನೂ ಹೇಳಿದೆ. ಮನುಷ್ಯರ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರೆ ಅವು ಕೊನೆಯಿಲ್ಲದೆ ಹೆಚ್ಚುವುದಿಲ್ಲ. 1961ರಲ್ಲಿ ಲೆನರ್ಡ್ ಹೇಫ್ಲಿಕ್ ತೋರಿಸಿದಂತೆ ನಲವತ್ತರಿಂದ ಅರವತ್ತು ಸಲ ಇಬ್ಭಾಗವಾಗಿ ನಿಂತುಬಿಡುತ್ತವೆ. ಸಾಯುವುದಿಲ್ಲ. ಕಲ್ಲಿನ ಮೇಲೆ ಹುಯ್ದ ದೋಸೆಹಿಟ್ಟಿನಂತೆ ಅಗಲವಾಗಿ ಹರಡಿಕೊಳ್ಳುತ್ತವೆ. ಒಂದು ಬಣ್ಣ ಹಾಕಿದರೆ ನೀಲಿಯಾಗುತ್ತವೆ. ನಾನು ಒಂದು ವರ್ಷ ಆ ನೀಲಿ ಕೋಶಗಳನ್ನು ಎಣಿಸಿದ್ದೇನೆ. ಮೊದಲ ವಾರಗಳಲ್ಲಿ ತಟ್ಟೆಗೆ ನಾಲ್ಕೈದು. ಕೊನೆಗೆ ನೀಲಿಯಲ್ಲದ್ದನ್ನು ಎಣಿಸುವುದೇ ಸುಲಭವಾಗುತ್ತಿತ್ತು. ಅವು ಸುಮ್ಮನೆ ಕೂರುವುದಿಲ್ಲ, ಸುತ್ತಲಿನ ಕೋಶಗಳನ್ನು ಕೆರಳಿಸುವ ರಾಸಾಯನಿಕ ಸೋರಿಸುತ್ತಿರುತ್ತವೆ.

ಇಲಿಯ ಸಕ್ಕರೆ

ಸಭೆಯಲ್ಲಿ ತೋರಿಸಿದ ಗೂನು ಬೆನ್ನಿನ ಇಲಿ ಎಲ್ಲಿಂದ ಬಂತು ಅನ್ನುವುದು ನನಗೆ ಗೊತ್ತಿತ್ತು. 2006ರಲ್ಲಿ ರಾಉಲ್ ಮೊಸ್ಟೊಸ್ಲಾವ್ಸ್ಕಿ ಮತ್ತು ಜತೆಗಾರರು ಸರ್ಟ್-6 ಜೀನು ಇಲ್ಲದ ಇಲಿಗಳನ್ನು ಬೆಳೆಸಿದರು. ಹುಟ್ಟಿದಾಗ ಹೆಚ್ಚುಕಮ್ಮಿ ಮಾಮೂಲಾಗಿಯೇ ಕಂಡವು. ಮೂರು ವಾರದ ಹೊತ್ತಿಗೆ ಚರ್ಮದ ಕೆಳಗಿನ ಕೊಬ್ಬು ಹೋಯಿತು, ಬೆನ್ನು ಬಾಗಿತು, ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿಯಿತು. ಸುಮಾರು ನಾಲ್ಕು ವಾರಕ್ಕೆ ಸತ್ತವು.

ಇಷ್ಟು ಹೇಳಿದ್ದೇ ತಡ, ದೊಡ್ಡಪ್ಪ ಕೈ ಎತ್ತಿ ನಿಲ್ಲಿಸಿದರು.

'ತಾಳಮ್ಮ. ಅದಿಲ್ಲದ ಇಲಿಗೆ ಸಕ್ಕರೆ ಇಳೀತು ಅಂದೆ. ನನಗೆ ಇರೋದು ಸಕ್ಕರೆ ಜಾಸ್ತಿ. ಅಂದ್ಮೇಲೆ ಅದನ್ನ ಹೆಚ್ಚು ಮಾಡ್ಕೊಂಡ್ರೆ ನನಗೆ ಇನ್ನೂ ಏರಬೇಕಲ್ವಾ?'

ಏಳನೇ ತರಗತಿ ಓದಿದವರು ಕೇಳಿದ ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ನನ್ನ ತಲೆಗೂ ಬಂದಿರಲಿಲ್ಲ. ಈ ಪ್ರಕರಣದ ತಿರುವು ಇದೇ.

ಉತ್ತರ ನೇರವಿಲ್ಲ ಎಂದೆ. ಕೋಶಗಳು ಸಕ್ಕರೆ ಹೀರಿ ಉರಿಸುವ ಜೀನುಗಳನ್ನು ಸರ್ಟ್-6 ಬಿಗಿಹಿಡಿದಿರುತ್ತದೆ. ಅದಿಲ್ಲದಿದ್ದರೆ ಹಿಡಿತ ತಪ್ಪಿ ಕೋಶಗಳು ಸಕ್ಕರೆಯನ್ನು ಗಟಗಟ ಹೀರುತ್ತವೆ, ರಕ್ತದಲ್ಲಿ ಸಕ್ಕರೆ ಉಳಿಯುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ದೊಡ್ಡಪ್ಪ ಹೇಳಿದ್ದೇ ಸರಿ. ಆದರೆ ಲಿವರ್ ಹೊಸದಾಗಿ ಸಕ್ಕರೆ ತಯಾರಿಸುವುದಕ್ಕೂ ಸರ್ಟ್-6 ಕಡಿವಾಣ ಹಾಕುತ್ತದೆ. ಇಸ್ರೇಲಿನ ಹೈಮ್ ಕೋಹೆನ್ ಅವರ ಗುಂಪು ಸರ್ಟ್-6 ಜಾಸ್ತಿ ಇರುವ ಇಲಿಗಳಿಗೆ ಕೊಬ್ಬಿನ ಊಟ ಹಾಕಿ ನೋಡಿತು. ಮಾಮೂಲಿ ಇಲಿಗಳಿಗಿಂತ ಅವು ಸಕ್ಕರೆಯನ್ನು ಚೆನ್ನಾಗಿ ಸಂಭಾಳಿಸಿದವು. ಒಂದೇ ಪ್ರೋಟೀನು ಒಂದು ಅಂಗದಲ್ಲಿ ಒಂದು ಕಡೆ ಎಳೆಯುತ್ತದೆ, ಇನ್ನೊಂದರಲ್ಲಿ ಇನ್ನೊಂದು ಕಡೆ. ಎಲ್ಲ ಸೇರಿ ನಿಮ್ಮ ಮೈಯಲ್ಲಿ ಏನಾಗುತ್ತದೆ ಎಂದು ಕ್ಯಾಪ್ಸೂಲ್ ಮಾರುವವರು ಹೇಳಲಾರರು ಅಂದೆ.

ದೊಡ್ಡಪ್ಪ ಸುಮಾರು ಹೊತ್ತು ಸುಮ್ಮನಿದ್ದರು. 'ಹಂಗಾದ್ರೆ ಅವರಿಗೂ ಗೊತ್ತಿಲ್ಲದ್ದು ನನ್ನ ಬಾಯಿಗೆ ಹಾಕಿದ್ದಾರೆ' ಅಂದರು.

ಹೊಳಪಿನ ಇಲಿಯೂ ನಿಜ. ಅದೇ ಕೋಹೆನ್ ಗುಂಪು 2012ರಲ್ಲಿ ಸರ್ಟ್-6 ಜಾಸ್ತಿ ಇರುವ ಗಂಡಿಲಿಗಳು ಸುಮಾರು 15 ಪ್ರತಿಶತದವರೆಗೆ ಹೆಚ್ಚು ಬದುಕಿದವು ಎಂದು ವರದಿ ಮಾಡಿತು. ಸಭೆಯಲ್ಲಿ ಹೇಳದೆ ಬಿಟ್ಟ ಒಂದು ವಿಷಯವಿದೆ. ಆ ಇಲಿಗಳು ಏನನ್ನೂ ನುಂಗಿರಲಿಲ್ಲ. ಅವುಗಳ ಡಿಎನ್‌ಎಗೇ ಹುಟ್ಟುವ ಮೊದಲು ಹೆಚ್ಚಿನ ಜೀನು ಸೇರಿಸಿದ್ದರು. ಹುಟ್ಟಿದ ದಿನದಿಂದ ಕೋಶ ಕೋಶದಲ್ಲೂ ಆ ಪ್ರೋಟೀನು ತಯಾರಾಗುತ್ತಿತ್ತು. 67 ವರ್ಷದ ಒಬ್ಬರು ಊಟವಾದ ಮೇಲೆ ನುಂಗುವ ಕ್ಯಾಪ್ಸೂಲನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ.

ಅಷ್ಟರಲ್ಲಿ ಟೀ ತಂದ ದೊಡ್ಡಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. 'ಗಂಡಿಲಿ ಅಂದ್ಯಲ್ಲ, ಹೆಣ್ಣಿಲಿ ಏನಾದ್ವು?' ಎಂದು ಕೇಳಿದರು.

ಆ ಪ್ರಯೋಗದಲ್ಲಿ ಹೆಣ್ಣಿಲಿಗಳ ಆಯುಷ್ಯ ಹೆಚ್ಚಿರಲಿಲ್ಲ. 2021ರಲ್ಲಿ ಅದೇ ಗುಂಪು ಬೇರೆ ತಳಿಯ ಇಲಿಗಳಲ್ಲಿ ಮತ್ತೆ ನೋಡಿತು. ಆಗ ಗಂಡಿಲಿಗಳಿಗೆ 27 ಪ್ರತಿಶತ, ಹೆಣ್ಣಿಲಿಗಳಿಗೆ 15 ಪ್ರತಿಶತ ಹೆಚ್ಚಾಯಿತು. ತಳಿ ಬದಲಾದರೆ ಫಲ ಬದಲಾಯಿತು ಎಂದು ಹೇಳಿದಾಗ ದೊಡ್ಡಮ್ಮ ತಲೆ ಆಡಿಸಿದರು. ಹಳದಿ ಗೂಡಿನ ಹುಳುವಿಗೂ ಬಿಳಿ ಗೂಡಿನ ಹುಳುವಿಗೂ ಒಂದೇ ಸೊಪ್ಪು ಹಾಕಿದರೂ ಒಂದೇ ನೂಲು ಬರುವುದಿಲ್ಲ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

ಬಾಟಲಿಯೊಳಗೆ ಇದ್ದದ್ದು

ಆಮೇಲೆ ಬಾಟಲಿ ತರಿಸಿ ಮೂವರೂ ಸೇರಿ ಹಿಂಬದಿಯ ಚೀಟಿ ಓದಿದೆವು. ನಿಕೋಟಿನಮೈಡ್, ರೆಸ್ವೆರಟ್ರಾಲ್, ಕಂದು ಕಡಲಪಾಚಿಯ ಸಾರ. ಮಿಶ್ರಣ ಒಟ್ಟು 500 ಮಿಲಿಗ್ರಾಂ. ಯಾವುದು ಎಷ್ಟು ಎಂದಿರಲಿಲ್ಲ. ಸರ್ಟ್-6 ಅದರೊಳಗೆ ಇರಲೇ ಇಲ್ಲ. ದೊಡ್ಡಪ್ಪನಿಗೆ ಹೆಚ್ಚು ಬೇಜಾರಾಗಿದ್ದು ಇದೇ. ಬಾಟಲಿ ತುಂಬ ಅದೇ ಇದೆ ಅಂದುಕೊಂಡಿದ್ದರು. ಇದ್ದಿದ್ದರೂ ಉಪಯೋಗವಾಗುತ್ತಿರಲಿಲ್ಲ. ಪ್ರೋಟೀನನ್ನು ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನ ಹಾಗೇ ಅರಗಿಸುತ್ತದೆ.

ಮೂರರ ಹಿಂದೆಯೂ ಒಂದೊಂದು ನಿಜ ಇದೆ. ಅದಕ್ಕೇ ಇಂಥದ್ದನ್ನು ತಳ್ಳಿಹಾಕುವುದು ಕಷ್ಟ.

ನಿಕೋಟಿನಮೈಡ್ ಬಿ3 ವಿಟಮಿನ್ನಿನ ಒಂದು ರೂಪ. ಅದರಿಂದ ಮೈ ಎನ್‌ಎಡಿ ಮಾಡಿಕೊಳ್ಳುತ್ತದೆ, ಸರಿ. ಈ ವಿಟಮಿನ್ ಕಮ್ಮಿಯಾದರೆ ಪೆಲಗ್ರಾ ಬರುತ್ತದೆ. ಜೋಳವನ್ನೇ ಹೆಚ್ಚಾಗಿ ತಿನ್ನುತ್ತಿದ್ದ ದಖನ್ನಿನ ಬಡವರಲ್ಲಿ ಇದು ಯಾಕೆ ಬರುತ್ತದೆ ಎಂದು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲೇ ಬರೆದಿದ್ದರು. ಆದರೆ ದೊಡ್ಡಪ್ಪನಿಗೆ ಆ ಕೊರತೆ ಇರಲಿಲ್ಲ. ದಿನಾ ಕಡಲೆಕಾಯಿ ಚಟ್ನಿ ತಿನ್ನುವ ಮನೆ ಅದು, ಕಡಲೆಕಾಯಿಯಲ್ಲಿ ಬಿ3 ಚೆನ್ನಾಗಿಯೇ ಇರುತ್ತದೆ. ಇನ್ನೊಂದು ವಿಷಯವಿದೆ. ಸರ್ಟುಯಿನ್ ಒಂದು ಚೀಟಿ ಕಿತ್ತಾಗ ಎನ್‌ಎಡಿ ಒಡೆದು ನಿಕೋಟಿನಮೈಡ್ ಹೊರಬೀಳುತ್ತದೆ. ಅದು ಜಾಸ್ತಿ ಸೇರಿಕೊಂಡರೆ ಸರ್ಟುಯಿನ್‌ಗಳ ಕೆಲಸಕ್ಕೇ ತಡೆಯಾಗುತ್ತದೆ ಎಂದು 2002ರಲ್ಲೇ ಪ್ರಯೋಗದಲ್ಲಿ ಕಂಡಿದೆ.

ರೆಸ್ವೆರಟ್ರಾಲ್ ದ್ರಾಕ್ಷಿ ಸಿಪ್ಪೆಯಲ್ಲಿ ಸಿಗುತ್ತದೆ. ಅದರ ಸುದ್ದಿಯೆಲ್ಲ ಸರ್ಟ್-1ರದು. ಅದು ಸರ್ಟ್-1 ಅನ್ನು ಚುರುಕು ಮಾಡುತ್ತದೆ ಎಂಬ ಮೊದಲ ಫಲಿತಾಂಶವೂ ಪರೀಕ್ಷೆಗೆ ಬಳಸಿದ ಹೊಳೆಯುವ ಬಣ್ಣದ ಅಣುವಿನ ಮೇಲೆ ನಿಂತಿತ್ತು ಎಂದು 2005ರಲ್ಲಿ ಬೇರೆ ಗುಂಪುಗಳು ತೋರಿಸಿದವು.

ಕಡಲಪಾಚಿಯ ಫ್ಯುಕಾಯ್ಡನ್ ಸರ್ಟ್-6ರ ವೇಗ ಹೆಚ್ಚಿಸಿದ್ದು ನಿಜ, ಪರೀಕ್ಷಾ ನಳಿಕೆಯಲ್ಲಿ. ನಳಿಕೆಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ತೇಲುತ್ತಿರುತ್ತವೆ. ಫ್ಯುಕಾಯ್ಡನ್ ಉದ್ದನೆಯ ಸಕ್ಕರೆ ಸರಪಳಿ. ನುಂಗಿದ ಮೇಲೆ ಅದು ಕರುಳು ದಾಟಬೇಕು, ರಕ್ತಕ್ಕೆ ಸೇರಬೇಕು, ಕೋಶದ ಪೊರೆ ದಾಟಬೇಕು, ಅದರೊಳಗಿನ ನ್ಯೂಕ್ಲಿಯಸ್ಸಿಗೆ ಹೋಗಬೇಕು. ಸರ್ಟ್-6 ಇರುವುದು ಅಲ್ಲಿ.

ಇಂಥ ಬಾಟಲಿ ಸರ್ಟ್-6 ಅನ್ನು 'ಎಚ್ಚರಿಸುತ್ತದೆ' ಎಂಬ ಮಾತಿನಲ್ಲೇ ಇನ್ನೊಂದು ತೊಡಕಿದೆ. ನೂರು ವರ್ಷ ದಾಟಿದ ಕೆಲವು ಯಹೂದಿಗಳಲ್ಲಿ ಸರ್ಟ್-6ರ ಒಂದು ಅಪರೂಪದ ರೂಪ ಸಿಕ್ಕಿದೆ ಎಂದು 2022ರಲ್ಲಿ ವರದಿಯಾಯಿತು. ಅದು ಅಸಿಟೈಲ್ ಚೀಟಿ ಕೀಳುವುದರಲ್ಲಿ ಮಾಮೂಲಿಗಿಂತ ನಿಧಾನ. ಆದರೆ ಬೇರೊಂದು ಬಗೆಯ ಗುರುತು ಅಂಟಿಸುವ ಕೆಲಸದಲ್ಲಿ ಚುರುಕು. ಹಾಗಾದರೆ ಯಾವ ಕೈಯನ್ನು ಎಚ್ಚರಿಸಬೇಕು? ಚರ್ಮದ ಕ್ಯಾನ್ಸರಿನಲ್ಲಂತೂ ಸರ್ಟ್-6 ಗೆಡ್ಡೆಗೆ ನೆರವಾಗುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಕರುಳಿನ ಕ್ಯಾನ್ಸರಿನಲ್ಲಿ ಇದೇ ಪ್ರೋಟೀನು ತಡೆಗೋಡೆ.

ಇಷ್ಟೆಲ್ಲ ಹೇಳುವಾಗ ಸರ್ಟ್-6 ಮೇಲಿನ ನನ್ನ ಅಭಿಮಾನ ಕಮ್ಮಿಯಾಗಲಿಲ್ಲ, ದೊಡ್ಡಪ್ಪನಿಗೂ ಕಮ್ಮಿಯಾಗದ ಹಾಗೆ ನೋಡಿಕೊಂಡೆ. ಅವರಿಗೆ ಬಹಳ ಹಿಡಿಸಿದ್ದು ಬೀವರ್ ಕಥೆ. ಬೀವರ್ ನೀರಿಗೆ ಕಟ್ಟೆ ಕಟ್ಟುವ ಪ್ರಾಣಿ, ಇಲಿಯ ದೂರದ ನೆಂಟ. ಇಲಿ ಬದುಕುವುದು ಎರಡು ಮೂರು ವರ್ಷ, ಬೀವರ್ 20 ವರ್ಷ ದಾಟುತ್ತದೆ. 2019ರಲ್ಲಿ ವೆರಾ ಗೊರ್ಬುನೋವಾ ಮತ್ತು ಆಂಡ್ರೆ ಸೆಲುವಾನೊವ್ ಅವರ ಗುಂಪು 18 ಬಗೆಯ ದಂಶಕಗಳನ್ನು, ಅಂದರೆ ಇಲಿ, ಅಳಿಲಿನ ಜಾತಿಯ ಪ್ರಾಣಿಗಳನ್ನು, ಹೋಲಿಸಿತು. ಹೆಚ್ಚು ಬದುಕುವ ಪ್ರಾಣಿಗಳಲ್ಲಿ ತುಂಡಾದ ಡಿಎನ್‌ಎ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು, ಅವುಗಳ ಸರ್ಟ್-6 ಹೆಚ್ಚು ಚುರುಕಾಗಿತ್ತು. ಇಲಿಯ ಸರ್ಟ್-6ಕ್ಕೂ ಬೀವರ್‌ನದ್ದಕ್ಕೂ ಚುರುಕಿನಲ್ಲಿ ಇರುವ ವ್ಯತ್ಯಾಸಕ್ಕೆ ಕಾರಣ ಐದು ಅಮೈನೋ ಆಮ್ಲಗಳು, ಅಂದರೆ ಪ್ರೋಟೀನೆಂಬ ಸರದ ಐದು ಮಣಿಗಳು.

'ಐದೇ ಮಣಿ?' ಅಂದರು ದೊಡ್ಡಪ್ಪ. ಐದೇ ಅಂದೆ.

ಆಮೇಲೆ

ಉಳಿದ ಕ್ಯಾಪ್ಸೂಲು ಅವತ್ತೇ ನಿಂತವು. ನಾನು ನಿಲ್ಲಿಸಿ ಅನ್ನಲಿಲ್ಲ, ಅವರೇ ಬಾಟಲಿ ನನ್ನ ಬ್ಯಾಗಿಗೆ ಹಾಕಿದರು. ಮಾರಿದವರಿಗೆ ಫೋನು ಮಾಡಿದೆವು. ತೆರೆಯದ ಬಾಟಲಿಯನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ ಅಂದರು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ತಡೆಯುತ್ತದೆ. ಆದರೆ ಬಾಟಲಿಯ ಮೇಲೆ ಸಕ್ಕರೆ ಕಾಯಿಲೆಯ ಹೆಸರೇ ಇಲ್ಲ, ಹೇಳಿದ್ದೆಲ್ಲ ಬಾಯಲ್ಲಿ. ದೂರು ಕೊಡೋಣ ಅಂದೆ. ಊರಲ್ಲಿ ಮಾತಾಗುತ್ತದೆ, ಬೇಡ ಅಂದರು. ನನಗೆ ಇದು ಇನ್ನೂ ಕೊರೆಯುತ್ತಿದೆ. ಅವತ್ತು ಆ ಮಂಟಪದಲ್ಲಿ ತಿಂಡಿ ತಿಂದವರು ಅವರೊಬ್ಬರೇ ಅಲ್ಲ.

ಬೆರಳಿನ ಗಾಯ ಒಣಗಲು ಮತ್ತೆ ಐದು ವಾರ ಬೇಕಾಯಿತು. ಅದು ಯಾವ ಸರ್ಟುಯಿನ್ನಿನ ಮಹಿಮೆಯೂ ಅಲ್ಲ. ಸಕ್ಕರೆ ಹಿಡಿತಕ್ಕೆ ಬಂತು, ಗಾಯ ಒದ್ದೆಯಾಗಲಿಲ್ಲ. ಯುಗಾದಿ ಆದಮೇಲೆ ಏಪ್ರಿಲ್‌ನಲ್ಲಿ ಮಾಡಿಸಿದ ಎಚ್‌ಬಿಎ1ಸಿ 7.6 ಬಂತು. ಈ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ, ಹಾಗಾಗಿ ಅದಕ್ಕಿಂತ ಬೇಗ ನೋಡಿ ಪ್ರಯೋಜನವಿರಲಿಲ್ಲ. ದೊಡ್ಡಪ್ಪ ಈಗ ಬೇಸಿನ್ ಹತ್ತಿರ ಕೂರುವುದಿಲ್ಲ, ಲಡಿ ನೋಡಿ ತೂಕ ಹಾಕುವ ಕೆಲಸ ಮಾತ್ರ. ನನ್ನನ್ನು ಕಂಡಾಗಲೆಲ್ಲ ಬೀವರ್ ವಿಷಯ ಮುಂದೆ ಏನಾಯಿತು ಎಂದು ಕೇಳುತ್ತಾರೆ. ಹೊಸದೇನಾದರೂ ಓದಿದ್ದರೆ ಹೇಳುತ್ತೇನೆ.

ಮುಂದಿನ ಪರೀಕ್ಷೆ ಜುಲೈನಲ್ಲಿದೆ. ಈ ಸಲ ತಾನೂ ಬರುತ್ತೇನೆ ಎಂದಿದ್ದಾರೆ ದೊಡ್ಡಮ್ಮ. ಅವರಿಗೆ 63. ಇದೇ ಶೆಡ್ಡಿನಲ್ಲಿ ದೊಡ್ಡಪ್ಪನಷ್ಟೇ ವರ್ಷ ಬಿಸಿನೀರಿಗೆ ಕೈ ಹಾಕಿದ್ದಾರೆ. ಹೆಣ್ಣಿಲಿ ಏನಾದವು ಎಂದು ಕೇಳಿದ ಅವರ ಸಕ್ಕರೆಯನ್ನು ಇದುವರೆಗೆ ಯಾರೂ ಒಂದು ಸಲವೂ ನೋಡಿಲ್ಲ.